ಪ್ರೋಗ್ರಾಮಿಂಗ್ ಕಲಿಕೆಗೆ ಲ್ಯಾಪ್‌ಟಾಪ್: ರ‍್ಯಾಮ್ ಎಷ್ಟಿರಬೇಕು, ಅಂಗಡಿಯಲ್ಲಿ ಏನನ್ನು ನೋಡಬೇಕು

ಸಿಇಟಿ ಸೀಟು ಹಂಚಿಕೆ ಮುಗಿಯುವ ಹೊತ್ತಿಗೆ ಹಾಸನದ ಕಂಪ್ಯೂಟರ್ ಅಂಗಡಿಗಳಲ್ಲಿ ಒಂದೇ ಬಗೆಯ ಮಾತು ಕೇಳಿಸತೊಡಗುತ್ತದೆ. ಮಗಳಿಗೆ ಸಾಲಗಾಮೆ ರಸ್ತೆಯ ಮಲೆನಾಡು ಎಂಜಿನಿಯರಿಂಗ್ ಕಾಲೇಜಿನಲ್ಲಿ ಕಂಪ್ಯೂಟರ್ ಸೈನ್ಸ್ ಸಿಕ್ಕಿದೆ, ಅಥವಾ ಮಗ ಬಿಸಿಎ ಸೇರಿದ್ದಾನೆ. ಅಪ್ಪನ ಜೇಬಿನಲ್ಲಿ 45-50 ಸಾವಿರ ರೂಪಾಯಿ ಇದೆ. ಬೆಂಗಳೂರಿನಲ್ಲಿ ಕೆಲಸದಲ್ಲಿರುವ ನೆಂಟರ ಹುಡುಗ ಫೋನಿನಲ್ಲಿ ‘ಐ7 ಆದರೆ ಮಾತ್ರ ತೆಗೆದುಕೊಳ್ಳಿ ಮಾವ’ ಎಂದಿದ್ದಾನೆ. ಕೌಂಟರಿನ ಆಚೆ ನಿಂತವರು ‘ಸಾರ್, ಇದರ ಮೆಮೊರಿ 512 ಜಿಬಿ, ಡಿಗ್ರಿ ಮುಗಿಯುವವರೆಗೂ ಯೋಚನೆಯಿಲ್ಲ’ ಎನ್ನುತ್ತಾರೆ. ಈ ಎರಡು ಸಲಹೆಗಳನ್ನು ನಂಬಿ ತಂದ ಲ್ಯಾಪ್‌ಟಾಪು ಮೂರನೆಯ ಸೆಮಿಸ್ಟರಿನ ಹೊತ್ತಿಗೆ ತೆವಳತೊಡಗುವುದೇ ಹೆಚ್ಚು.

ಈ ಬೆಲೆಯ ಲ್ಯಾಪ್‌ಟಾಪಿನಲ್ಲಿ ಮೊದಲು ನೋಡಬೇಕಾದದ್ದು ರ‍್ಯಾಮ್ ಎಷ್ಟಿದೆ ಎಂಬುದು. ಅದರ ಬೆನ್ನಿಗೇ ಕೇಳಬೇಕಾದದ್ದು, ಮುಂದೆ ಅದನ್ನು ಹೆಚ್ಚಿಸಲು ಬರುತ್ತದೆಯೇ ಎಂಬುದು. ಪ್ರೊಸೆಸರ್, ಗ್ರಾಫಿಕ್ಸ್ ಕಾರ್ಡ್, ಹಿಂಬದಿಯಲ್ಲಿ ಬೆಳಗುವ ಕೀಬೋರ್ಡ್ ಎಲ್ಲ ಆಮೇಲಿನ ಮಾತು. ಆತುರದಲ್ಲಿರುವವರಿಗೆ ಉತ್ತರ ಇಲ್ಲಿಯೇ ಇದೆ: 16 ಜಿಬಿ ರ‍್ಯಾಮ್ ಇರುವುದನ್ನು ಕೊಳ್ಳಿ. ಹಣ ಸಾಲದಿದ್ದರೆ 8 ಜಿಬಿ ಇದ್ದು, ಒಂದು ಸ್ಲಾಟ್ (ರ‍್ಯಾಮ್ ಸ್ಟಿಕ್ ಸಿಕ್ಕಿಸುವ ಜಾಗ) ಖಾಲಿ ಇರುವುದನ್ನು ಕೊಳ್ಳಿ. 8 ಜಿಬಿಯನ್ನು ಬೋರ್ಡಿಗೇ ಬೆಸೆದು ಬೇರೆ ಸ್ಲಾಟ್ ಕೊಡದ ಯಂತ್ರವನ್ನು, ಎಷ್ಟೇ ತೆಳ್ಳಗೆ ಅಂದವಾಗಿದ್ದರೂ, ಬಿಟ್ಟುಬಿಡಿ. ಇದು ಏಕೆ, ಮತ್ತು ಅಂಗಡಿಯಲ್ಲಿ ನೀವೇ ಪರೀಕ್ಷಿಸುವುದು ಹೇಗೆ ಎಂಬುದನ್ನು ಮುಂದೆ ವಿವರಿಸಿದ್ದೇನೆ.

ಅದಕ್ಕೆ ಮೊದಲು ಆ 512ರ ಗೊಂದಲವನ್ನು ಪರಿಹರಿಸಿಕೊಳ್ಳೋಣ. ಅಂಗಡಿಯವರು ಹೇಳಿದ್ದು ಎಸ್‌ಎಸ್‌ಡಿಯ ಲೆಕ್ಕ, ಅಂದರೆ ಕಡತಗಳು ಕಾಯಂ ಆಗಿ ಉಳಿಯುವ ಜಾಗ. ರ‍್ಯಾಮ್ ಬೇರೆ. ಸಕಲೇಶಪುರ, ಬೇಲೂರು ಕಡೆಯ ತೋಟದವರಿಗೆ ಒಂದೇ ಮಾತು ಸಾಕು: ಎಸ್‌ಎಸ್‌ಡಿ ಎಂದರೆ ಗೋದಾಮು, ರ‍್ಯಾಮ್ ಎಂದರೆ ಕಣ. ಗೋದಾಮಿನಲ್ಲಿ ಸಾವಿರ ಚೀಲಕ್ಕೆ ಜಾಗವಿದ್ದರೂ ಒಂದು ದಿನಕ್ಕೆ ಹರಡಿ ಒಣಗಿಸಲಾಗುವುದು ಕಣದ ಅಗಲಕ್ಕೆ ತಕ್ಕಷ್ಟೇ. ತೆರೆದಿರುವ ಪ್ರತಿಯೊಂದು ಪ್ರೋಗ್ರಾಮೂ ಓಡುತ್ತಿರುವಷ್ಟು ಹೊತ್ತು ರ‍್ಯಾಮಿನಲ್ಲಿ ಇರಬೇಕು. ರ‍್ಯಾಮ್ ತುಂಬಿತೆಂದು ವಿಂಡೋಸ್ ಕೆಲಸ ನಿಲ್ಲಿಸುವುದಿಲ್ಲ. ಮೊದಲು ಒಳಗಿರುವುದನ್ನು ಒತ್ತಿ ಚಿಕ್ಕದು ಮಾಡುತ್ತದೆ, ಅದೂ ಸಾಲದಾದಾಗ ಒಂದು ಪಾಲನ್ನು ಎಸ್‌ಎಸ್‌ಡಿಯ ಮೇಲಿನ ಪೇಜ್ ಫೈಲಿಗೆ ದಾಟಿಸುತ್ತದೆ. ಎಸ್‌ಎಸ್‌ಡಿ ಎಷ್ಟೇ ವೇಗದ್ದಾಗಿದ್ದರೂ ರ‍್ಯಾಮಿನ ಮುಂದೆ ಅದು ಬಲು ನಿಧಾನ. ಬ್ರೌಸರಿನಿಂದ ಎಡಿಟರಿಗೆ ಬಂದಾಗ ಪರದೆ ಕ್ಷಣಕಾಲ ಸ್ತಬ್ಧವಾಗುವುದು, ಒತ್ತಿದ ಅಕ್ಷರ ತಡವಾಗಿ ಮೂಡುವುದು ಇದರಿಂದಲೇ.

ಹಂತ 1: ಮೊದಲ ಸೆಮಿಸ್ಟರನ್ನು ಬಿಟ್ಟು ಮೂರನೆಯ ವರ್ಷವನ್ನು ನೋಡಿ

ಮೊದಲ ವರ್ಷದ ಪಠ್ಯವನ್ನು ನೋಡಿ ಲ್ಯಾಪ್‌ಟಾಪ್ ಆರಿಸುವುದು ಸಾಮಾನ್ಯ. ಮೊದಲ ವರ್ಷದಲ್ಲಿ ಇರುವುದು ಸಿ ಭಾಷೆ, ಪೈಥಾನ್. ನೂರಿನ್ನೂರು ಸಾಲಿನ ಸಿ ಪ್ರೋಗ್ರಾಮನ್ನು ಕಂಪೈಲ್ ಮಾಡಲು ಯಾವ ಯಂತ್ರವೂ ತಿಣುಕುವುದಿಲ್ಲ. ಕೆಲವು ಲ್ಯಾಬುಗಳಲ್ಲಿ ಇಂದಿಗೂ ಟರ್ಬೊ ಸಿಯ ನೀಲಿ ಪರದೆಯಲ್ಲೇ ಪಾಠ ನಡೆಯುತ್ತದೆ. 640 ಕೆಬಿಯ ಮಿತಿಯೊಳಗೆ ಬದುಕುತ್ತಿದ್ದ ಡಾಸ್ ಕಾಲದ ತಂತ್ರಾಂಶ ಅದು. ಅದನ್ನು ಇನ್ನೂ ಏಕೆ ಕಲಿಸುತ್ತಾರೆ ಎಂಬ ಜಗಳವನ್ನು ಇನ್ನೊಮ್ಮೆ ಆಡೋಣ. ಅದು ಸಲೀಸಾಗಿ ಓಡಿತೆಂದು 4 ಜಿಬಿ ಸಾಕು ಎಂಬ ತೀರ್ಮಾನಕ್ಕೆ ಮಾತ್ರ ಬರಬೇಡಿ.

ಎರಡನೆಯ ವರ್ಷದಲ್ಲಿ ಜಾವಾ ಮತ್ತು ಡೇಟಾಬೇಸ್ ಬರುತ್ತವೆ. ಇಂಟೆಲಿಜೆ ಅಥವಾ ಎಕ್ಲಿಪ್ಸ್ ಎಂಬ ಜಾವಾ ಐಡಿಇ (ಕೋಡ್ ಬರೆದು ಓಡಿಸುವ ತಂತ್ರಾಂಶ), ಹಿನ್ನೆಲೆಯಲ್ಲಿ ಡೇಟಾಬೇಸಾದ ಮೈಎಸ್‌ಕ್ಯೂಎಲ್, ಪಕ್ಕದಲ್ಲಿ ಯೂಟ್ಯೂಬ್ ಪಾಠ, ಹತ್ತು ಹದಿನೈದು ಟ್ಯಾಬು. ಮೂರನೆಯ ವರ್ಷದಲ್ಲಿ ಮಿನಿ ಪ್ರಾಜೆಕ್ಟ್ ಶುರುವಾದಾಗ ದಾರಿಗಳು ಕವಲೊಡೆಯುತ್ತವೆ, ರ‍್ಯಾಮಿನ ಹಸಿವು ಬೇರೆಯಾಗುವುದೂ ಅಲ್ಲಿಯೇ.

ವೆಬ್ ಕಡೆ ಹೋಗುವವರಿಗೆ ವಿಎಸ್ ಕೋಡ್ ಎಂಬ ಎಡಿಟರ್, ಜಾವಾಸ್ಕ್ರಿಪ್ಟ್ ಓಡಿಸುವ ನೋಡ್.ಜೆಎಸ್, ಬ್ರೌಸರ್. ವಿಎಸ್ ಕೋಡಿನ ಅಧಿಕೃತ ಅಗತ್ಯ 1 ಜಿಬಿ ಮಾತ್ರ, ಆದರೆ ಹತ್ತಾರು ಎಕ್ಸ್‌ಟೆನ್ಷನ್ ಸೇರಿಸಿಕೊಂಡ ಮೇಲೆ ಅದು ಅಲ್ಲಿಗೆ ನಿಲ್ಲುವುದಿಲ್ಲ. 8 ಜಿಬಿಯಲ್ಲಿ ಇಕ್ಕಟ್ಟಾಗಿ ನಡೆಯುತ್ತದೆ.

ಆಂಡ್ರಾಯ್ಡ್ ಆ್ಯಪ್ ಬರೆಯುವವರು ಎಲ್ಲರಿಗಿಂತ ಹೆಚ್ಚು ಒದ್ದಾಡುತ್ತಾರೆ. ಆಂಡ್ರಾಯ್ಡ್ ಸ್ಟುಡಿಯೊಗೆ ಗೂಗಲ್ ಹೇಳುವ ಕನಿಷ್ಠ ಅಗತ್ಯವೇ 8 ಜಿಬಿ. ಎಮ್ಯುಲೇಟರನ್ನೂ (ಕಂಪ್ಯೂಟರಿನೊಳಗೇ ಓಡುವ ನಕಲಿ ಫೋನು) ಜೊತೆಗೆ ಓಡಿಸುವುದಾದರೆ 16. ಇದು ಕನಿಷ್ಠ ಎಂಬುದನ್ನು ಗಮನಿಸಿ. 8 ಜಿಬಿ ಯಂತ್ರದಲ್ಲಿ ಎಮ್ಯುಲೇಟರ್ ತೆರೆದವರು ಕಾಫಿ ಕುಡಿದು ಬರುವುದು ವಾಡಿಕೆ. ಇದಕ್ಕೊಂದು ಉಪಾಯವಿದೆ. ಫೋನಿನ ಡೆವಲಪರ್ ಆಯ್ಕೆಗಳಲ್ಲಿ ಯುಎಸ್‌ಬಿ ಡಿಬಗ್ಗಿಂಗ್ ಆನ್ ಮಾಡಿ, ಕೇಬಲ್ ಹಾಕಿದರೆ ಆ್ಯಪ್ ನೇರವಾಗಿ ನಿಮ್ಮ ಫೋನಿನಲ್ಲೇ ಓಡುತ್ತದೆ. ಎಮ್ಯುಲೇಟರ್ ನುಂಗುತ್ತಿದ್ದ ಎರಡು ಮೂರು ಜಿಬಿ ಉಳಿಯುತ್ತದೆ.

ದತ್ತಾಂಶ ವಿಶ್ಲೇಷಣೆ ಮತ್ತು ಮೆಷೀನ್ ಲರ್ನಿಂಗ್ ಕಡೆಯವರಿಗೆ ಪಾಂಡಾಸ್ ಎಂಬ ಪೈಥಾನ್ ಗ್ರಂಥಾಲಯ (ಸಿದ್ಧ ಕೋಡಿನ ಸಂಗ್ರಹ) ಅನಿವಾರ್ಯ. ಆ ಗ್ರಂಥಾಲಯವನ್ನು ಮೊದಲು ಬರೆದ ವೆಸ್ ಮೆಕಿನ್ನಿ ಅವರೇ, ನಿಮ್ಮ ದತ್ತಾಂಶ ಎಷ್ಟಿದೆಯೋ ಅದರ 5ರಿಂದ 10 ಪಟ್ಟು ರ‍್ಯಾಮ್ ಇರಲಿ ಎಂಬ ಅಂದಾಜನ್ನು ಕೊಟ್ಟಿದ್ದಾರೆ. 1 ಜಿಬಿಯ ಸಿಎಸ್‌ವಿ ಕಡತ ತೆರೆದರೆ 8 ಜಿಬಿ ಯಂತ್ರ ಏಕೆ ಕೈಚೆಲ್ಲುತ್ತದೆ ಎಂಬುದು ಇದರಿಂದ ತಿಳಿಯುತ್ತದೆ. ಚಾಟ್‌ಜಿಪಿಟಿ ಬಗೆಯ ಭಾಷಾ ಮಾದರಿಗಳನ್ನು ಮನೆಯ ಯಂತ್ರದಲ್ಲೇ ಓಡಿಸುವ ಆಸೆಯಿದ್ದರೆ, 700-800 ಕೋಟಿ ನಿಯತಾಂಕಗಳ ಮಾದರಿಯೊಂದು 4 ಬಿಟ್‌ಗೆ ಇಳಿಸಿದ ಮೇಲೂ 4-5 ಜಿಬಿ ಹಿಡಿಯುತ್ತದೆ.

ಡಾಕರ್, ಡಬ್ಲ್ಯುಎಸ್‌ಎಲ್ ಕಲಿಯುವವರಿಗೆ ಒಂದು ಎಚ್ಚರಿಕೆ. ಡಾಕರ್ ಎಂದರೆ ಪ್ರೋಗ್ರಾಮನ್ನು ಅದಕ್ಕೆ ಬೇಕಾದುದೆಲ್ಲದರ ಸಮೇತ ಪೊಟ್ಟಣ ಕಟ್ಟಿ ಓಡಿಸುವ ತಂತ್ರಾಂಶ. ವಿಂಡೋಸಿನೊಳಗೆ ಲಿನಕ್ಸ್ ಓಡಿಸುವ ಡಬ್ಲ್ಯುಎಸ್‌ಎಲ್ 2, ಏನೂ ಬದಲಿಸದೆ ಬಿಟ್ಟರೆ, ಒಟ್ಟು ರ‍್ಯಾಮಿನ ಅರ್ಧದವರೆಗೂ ಬಳಸಿಕೊಳ್ಳಬಲ್ಲದು. 8ರಲ್ಲಿ ಅದು 4 ತೆಗೆದುಕೊಂಡರೆ ಉಳಿದ 4ರಲ್ಲಿ ವಿಂಡೋಸ್, ಬ್ರೌಸರ್, ಎಡಿಟರ್ ಎಲ್ಲ ಬದುಕಬೇಕು. ಮಿತಿಯನ್ನು ಅದರ ಸಂರಚನಾ ಕಡತದಲ್ಲಿ ಕಡಿಮೆ ಮಾಡಬಹುದು, ಆದರೆ ಮಿತಿ ಹಾಕಿದರೆ ರ‍್ಯಾಮ್ ಹುಟ್ಟುವುದಿಲ್ಲ.

ಹಂತ 2: ಒಟ್ಟಿಗೆ ತೆರೆದಿರುವುದನ್ನು ಕೂಡಿ

ಒಂದು ಕಾಗದ ತೆಗೆದುಕೊಳ್ಳಿ. ವಿಂಡೋಸ್ 11ಕ್ಕೆ ಮೈಕ್ರೋಸಾಫ್ಟ್ ಹೇಳುವ ಕನಿಷ್ಠ ಅಗತ್ಯ 4 ಜಿಬಿ. 8 ಜಿಬಿ ಯಂತ್ರವನ್ನು ಆನ್ ಮಾಡಿ ಏನನ್ನೂ ತೆರೆಯದೆ ಬಿಟ್ಟರೂ ಸುಮಾರು 3ರಿಂದ 4 ಜಿಬಿ ಬಳಕೆಯಲ್ಲಿರುವುದು ಕಾಣುತ್ತದೆ. ಕಂಪನಿಯವರು ತುಂಬಿ ಕಳುಹಿಸುವ ಆ್ಯಂಟಿವೈರಸ್ ಪ್ರಯೋಗಾವೃತ್ತಿಗಳಿದ್ದರೆ ಇನ್ನೂ ಮೇಲೆ. ಬ್ರೌಸರಿಗೆ ಒಂದೂವರೆಯಿಂದ 2 ಜಿಬಿ ಹಾಕಿ. ಎಡಿಟರಿಗೆ 1. ಜಾವಾ ಐಡಿಇ ಆದರೆ 2. ಡೇಟಾಬೇಸಿಗೆ ಅರ್ಧ. ಆನ್‌ಲೈನ್ ತರಗತಿಯೂ ನಡೆಯುತ್ತಿದ್ದರೆ ಮತ್ತರ್ಧ.

ಎರಡನೆಯ ವರ್ಷದ ವಿದ್ಯಾರ್ಥಿಯ ಒಂದು ಸಾಮಾನ್ಯ ಸಂಜೆಗೆ ಹೀಗೆ 8 ಜಿಬಿ ಅಂಚಿಗೆ ಬಂದು ನಿಂತಿತು. ಆಂಡ್ರಾಯ್ಡ್ ಸ್ಟುಡಿಯೊ, ಡಾಕರ್ ಇನ್ನೂ ಬಂದಿಲ್ಲ. ಅವು ಸೇರಿದರೆ 10-13ಕ್ಕೆ ಏರುತ್ತದೆ. ಆದ್ದರಿಂದ 16. 32 ಜಿಬಿ ಬೇಕೇ ಎಂದು ಕೇಳುವವರಿದ್ದಾರೆ. ಒಂದಕ್ಕಿಂತ ಹೆಚ್ಚು ವರ್ಚುವಲ್ ಯಂತ್ರ (ಕಂಪ್ಯೂಟರಿನೊಳಗೆ ಓಡುವ ಇನ್ನೊಂದು ಕಂಪ್ಯೂಟರು) ಓಡಿಸುವವರು, ದೊಡ್ಡ ದತ್ತಾಂಶದ ಮೇಲೆ ಕೆಲಸ ಮಾಡುವವರು ತೆಗೆದುಕೊಳ್ಳಲಿ. ಕಲಿಯುವವರಿಗೆ ಅದು ಹೆಚ್ಚಾಯಿತು, ಆ ಹಣ ಒಳ್ಳೆಯ ಪರದೆಗೆ ಹೋಗಲಿ.

ಪೆಟ್ಟಿಗೆಯ ಮೇಲೆ 8 ಎಂದಿದ್ದರೂ ಪೂರ್ತಿ 8 ನಿಮಗೆ ಸಿಗುವುದಿಲ್ಲ. ಪ್ರತ್ಯೇಕ ಗ್ರಾಫಿಕ್ಸ್ ಕಾರ್ಡ್ ಇಲ್ಲದ ಲ್ಯಾಪ್‌ಟಾಪುಗಳಲ್ಲಿ ಪರದೆಯ ಕೆಲಸಕ್ಕೂ ಇದೇ ರ‍್ಯಾಮಿನಿಂದ ಪಾಲು ಹೋಗುತ್ತದೆ. ಸೆಟ್ಟಿಂಗ್ಸ್‌ನಲ್ಲಿ ಸಿಸ್ಟಮ್, ಅಬೌಟ್ ತೆರೆದರೆ 8 ಜಿಬಿಯ ಪಕ್ಕದಲ್ಲಿ ಬಳಸಬಹುದಾದದ್ದು 7.7 ಎಂದೋ 7.3 ಎಂದೋ ಬರೆದಿರುತ್ತದೆ. ಕೆಲವು ಎಎಮ್‌ಡಿ ಯಂತ್ರಗಳಲ್ಲಿ ಹೀಗೆ 2 ಜಿಬಿಯವರೆಗೂ ಮೀಸಲಾಗಿ, 6 ಜಿಬಿಗಿಂತ ತುಸು ಕಡಿಮೆ ಉಳಿಯುವುದುಂಟು.

ಹಂತ 3: ಬೆಸೆದದ್ದೋ, ಸ್ಲಾಟ್ ಇದೆಯೋ

ಲ್ಯಾಪ್‌ಟಾಪಿನ ರ‍್ಯಾಮ್ ಮೂರು ರೀತಿಯಲ್ಲಿ ಬರುತ್ತದೆ. ಒಂದು, ಎರಡು ಸ್ಲಾಟುಗಳಿದ್ದು ಎರಡಕ್ಕೂ ಸ್ಟಿಕ್ ಹಾಕಬಹುದಾದದ್ದು. ಎರಡು, ಸ್ವಲ್ಪ ರ‍್ಯಾಮನ್ನು ಬೋರ್ಡಿಗೆ ಬೆಸೆದು, ಒಂದು ಸ್ಲಾಟ್ ಕೊಟ್ಟಿರುವುದು. ಮೂರು, ಪೂರ್ತಿ ಬೆಸೆದು ಮುಗಿಸಿರುವುದು. ಅಂಗಡಿಯಲ್ಲಿ ಇದನ್ನು ಆನ್‌ಬೋರ್ಡ್ ಎನ್ನುತ್ತಾರೆ. ಮೂರನೆಯದರಲ್ಲಿ ಕೊಂಡ ದಿನ ಎಷ್ಟಿತ್ತೋ ಯಂತ್ರ ಹಳೆಯದಾಗುವವರೆಗೂ ಅಷ್ಟೇ.

ವಿವರಗಳ ಪಟ್ಟಿಯಲ್ಲಿ ರ‍್ಯಾಮಿನ ಬಗೆ ಎಲ್‌ಪಿಡಿಡಿಆರ್4ಎಕ್ಸ್, ಎಲ್‌ಪಿಡಿಡಿಆರ್5 ಎಂದು ಕಂಡರೆ ಅದು ಬೆಸೆದದ್ದು ಎಂದೇ ತಿಳಿಯಿರಿ. ಬರೀ ಡಿಡಿಆರ್4 ಅಥವಾ ಡಿಡಿಆರ್5 ಎಂದಿದ್ದರೆ ಸ್ಲಾಟ್ ಇರುವ ಸಾಧ್ಯತೆ ಹೆಚ್ಚು, ಆದರೂ ಖಚಿತಪಡಿಸಿಕೊಳ್ಳಬೇಕು. ಮ್ಯಾಕ್‌ಬುಕ್‌ಗಳಲ್ಲಿ ಆಪಲ್‌ನ ಸ್ವಂತ ಚಿಪ್ ಬಂದ ಮೇಲೆ ಯಾವುದನ್ನೂ ಹೆಚ್ಚಿಸಲಾಗದು. 2024ರ ಅಕ್ಟೋಬರಿನಿಂದ ಮ್ಯಾಕ್‌ಬುಕ್ ಏರ್ 16 ಜಿಬಿಯಿಂದಲೇ ಶುರುವಾಗುತ್ತಿದೆ. ಅದಕ್ಕಿಂತ ಹಿಂದಿನ 8 ಜಿಬಿಯ ಏರ್ ಕಡಿಮೆ ಬೆಲೆಗೆ ಸಿಗುತ್ತದೆಂದು ಆಸೆಪಡುವ ಮುನ್ನ ಇದನ್ನು ನೆನಪಿಡಿ. ಇಂಟೆಲ್‌ನ ಕೋರ್ ಅಲ್ಟ್ರಾ 200ವಿ ಸಾಲಿನಲ್ಲಿ ರ‍್ಯಾಮ್ ಪ್ರೊಸೆಸರ್ ಪಕ್ಕದಲ್ಲೇ ಕೂತಿದೆ, 16 ಅಥವಾ 32. ಕೋಪೈಲಟ್ ಪ್ಲಸ್ ಪಿಸಿ ಎಂಬ ಹೆಸರು ಹಾಕಿಕೊಳ್ಳಲು ಮೈಕ್ರೋಸಾಫ್ಟ್ ಇಟ್ಟಿರುವ ಷರತ್ತೂ ಕನಿಷ್ಠ 16 ಜಿಬಿ. ಆದರೂ 8 ಜಿಬಿಯ ಮಾದರಿಗಳು ಅಂಗಡಿಗಳಲ್ಲಿ ಇನ್ನೂ ಇವೆ.

‘ಈಗ 8 ಇರಲಿ, ಆಮೇಲೆ ಒಂದು ಸ್ಟಿಕ್ ಹಾಕಿಸಿದರಾಯಿತು’ ಎಂಬ ಸಲಹೆ ಮೊದಲು ಸರಿಯಾಗಿತ್ತು. 2025ರ ಕೊನೆಯ ತಿಂಗಳುಗಳಲ್ಲಿ ರ‍್ಯಾಮ್ ಬೆಲೆ ವಿಪರೀತ ಏರಿತು. ಎಐ ಡೇಟಾ ಸೆಂಟರುಗಳಿಗಾಗಿ ಚಿಪ್ ತಯಾರಕರು ತಮ್ಮ ಉತ್ಪಾದನೆಯನ್ನು ಅತ್ತ ತಿರುಗಿಸಿದ್ದೇ ಕಾರಣ. ಕ್ರೂಷಿಯಲ್ ಹೆಸರಿನಲ್ಲಿ ಸಾಮಾನ್ಯ ಗ್ರಾಹಕರಿಗೆ ರ‍್ಯಾಮ್ ಮಾರುತ್ತಿದ್ದ ಮೈಕ್ರಾನ್, 2025ರ ಡಿಸೆಂಬರಿನಲ್ಲಿ ಆ ವ್ಯವಹಾರವನ್ನೇ ನಿಲ್ಲಿಸುವುದಾಗಿ ಪ್ರಕಟಿಸಿತು. ಹೀಗಾಗಿ 8 ಜಿಬಿ ಮತ್ತು 16 ಜಿಬಿ ಮಾದರಿಗಳ ಬೆಲೆಯ ಅಂತರವನ್ನು ಕೇಳಿ, ಅದೇ ಅಂಗಡಿಯಲ್ಲಿ 8 ಜಿಬಿಯ ಬಿಡಿ ಸ್ಟಿಕ್ಕಿನ ಬೆಲೆಯನ್ನೂ ಕೇಳಿ. ಎರಡನ್ನೂ ಪಕ್ಕಪಕ್ಕ ಇಟ್ಟು ನೋಡದೆ ‘ಆಮೇಲೆ’ ಎನ್ನಬೇಡಿ.

ಸ್ಲಾಟಿನ ಸತ್ಯ ತಿಳಿಯಲು ಪೂರ್ತಿ ಮಾದರಿ ಸಂಖ್ಯೆ ಬೇಕು. ಒಂದೇ ಹೆಸರಿನ ಸಾಲಿನಲ್ಲಿ ಹತ್ತು ರೂಪಗಳಿರುತ್ತವೆ. ಲ್ಯಾಪ್‌ಟಾಪಿನ ತಳದ ಚೀಟಿಯಲ್ಲಿ ಅಥವಾ ಪೆಟ್ಟಿಗೆಯ ಬದಿಯಲ್ಲಿ ಇರುವ ಉದ್ದನೆಯ ಸಂಖ್ಯೆಯ ಫೋಟೊ ತೆಗೆದುಕೊಂಡು ಮನೆಗೆ ಬನ್ನಿ. ಲೆನೊವೊ ಆದರೆ ಪಿಎಸ್‌ಆರ್‌ಇಎಫ್ ಎಂಬ ತಾಣದಲ್ಲಿ ಆ ಸಂಖ್ಯೆ ಹಾಕಿದರೆ ಎಷ್ಟು ಬೆಸೆದಿದೆ, ಎಷ್ಟು ಸ್ಲಾಟ್, ಗರಿಷ್ಠ ಎಷ್ಟು ಎಂಬುದು ಸಾಲು ಸಾಲಾಗಿ ಬರುತ್ತದೆ. ಎಚ್‌ಪಿಗೆ ಮೇಂಟೆನೆನ್ಸ್ ಆ್ಯಂಡ್ ಸರ್ವೀಸ್ ಗೈಡ್, ಡೆಲ್‌ಗೆ ಓನರ್ಸ್ ಮ್ಯಾನ್ಯುಯಲ್ ಅವರವರ ತಾಣಗಳಲ್ಲೇ ಉಚಿತವಾಗಿ ಸಿಗುತ್ತವೆ. ಅವುಗಳಲ್ಲಿ ಮೆಮೊರಿ ಎಂಬ ಅಧ್ಯಾಯ ತೆರೆದರೆ ಸಾಕು.

ಹಂತ 4: ಉಳಿದ ಭಾಗಗಳು, ಚುಟುಕಾಗಿ

ಪ್ರೊಸೆಸರ್ ಹೆಸರಿನಲ್ಲಿ ಮೋಸಹೋಗಬೇಡಿ. ಎಎಮ್‌ಡಿಯ ರೈಜನ್ 5 7520ಯು ಎಂಬುದನ್ನು ನೋಡಿ. 7 ಎಂದಿದೆ, 5 ಎಂದಿದೆ, ಹೊಸದಾಗಿ ಕೇಳಿಸುತ್ತದೆ. ಆ ಸಾಲಿನಲ್ಲಿ ಮೂರನೆಯ ಅಂಕಿಯೇ ವಿನ್ಯಾಸದ ತಲೆಮಾರನ್ನು ಹೇಳುವುದು. ಇಲ್ಲಿ ಅದು 2, ಅಂದರೆ 2019ರಲ್ಲಿ ಬಂದ ಝೆನ್ 2, ನಾಲ್ಕೇ ಕೋರ್ (ಪ್ರೊಸೆಸರಿನೊಳಗೆ ಲೆಕ್ಕ ಮಾಡುವ ಘಟಕ), ಜೊತೆಗೆ ಬೆಸೆದ ರ‍್ಯಾಮ್ ಮಾತ್ರ ಕೂಡುತ್ತದೆ. ಹತ್ತಿರದ ಸಂಖ್ಯೆಯ 7530ಯು ಝೆನ್ 3, ಆರು ಕೋರ್. ಇಂಟೆಲ್ ಕಡೆ 12ನೆಯ ತಲೆಮಾರಿನ ಐ3-1215ಯು ಕೂಡ ಆರು ಕೋರಿನದು, ಕಲಿಕೆಗೆ ಧಾರಾಳ. 16 ಜಿಬಿ ಇರುವ ಐ3, 8 ಜಿಬಿ ಇರುವ ಐ7ಗಿಂತ ಕೋಡ್ ಬರೆಯುವವರಿಗೆ ಒಳ್ಳೆಯ ಸಂಗಾತಿ. ನೆಂಟರ ಹುಡುಗನಿಗೆ ಇದನ್ನು ಹೇಳಿಬಿಡಿ. ಇಂಟೆಲ್‌ನ ಅಗ್ಗದ ಪ್ರೊಸೆಸರುಗಳಾದ ಸೆಲೆರಾನ್ ಮತ್ತು ಅದರ ಜಾಗಕ್ಕೆ ಬಂದ ಎನ್100 ಬಗೆಯವು ಬೇಡ.

ಎಸ್‌ಎಸ್‌ಡಿ 512 ಜಿಬಿ ಸಾಕು, ಎನ್‌ವಿಎಮ್‌ಇ ಎಂಬ ವೇಗದ ಬಗೆಯದಾಗಿರಲಿ. ವಿಂಡೋಸಿನಲ್ಲಿ ಅದು 476 ಎಂದು ಕಂಡರೆ ಜಗಳಕ್ಕೆ ಹೋಗಬೇಡಿ. ತಯಾರಕರು ಸಾವಿರದ ಲೆಕ್ಕದಲ್ಲಿ, ವಿಂಡೋಸ್ 1024ರ ಲೆಕ್ಕದಲ್ಲಿ ಎಣಿಸುತ್ತಾರೆ. ಇಎಮ್‌ಎಮ್‌ಸಿ (ಎಸ್‌ಎಸ್‌ಡಿಗಿಂತ ನಿಧಾನವಾದ ಅಗ್ಗದ ಸಂಗ್ರಹ) ಎಂದಿದ್ದರೆ ಆ ಲ್ಯಾಪ್‌ಟಾಪನ್ನು ಅಲ್ಲಿಯೇ ಇಟ್ಟು ಬನ್ನಿ. ಗ್ರಾಫಿಕ್ಸ್ ಕಾರ್ಡ್ ಬೇಕೆಂದು ಮಗ ಹಟ ಹಿಡಿದರೆ ಅದು ಬಹುತೇಕ ಆಟಕ್ಕೆ. ಮೆಷೀನ್ ಲರ್ನಿಂಗ್ ಅಭ್ಯಾಸಕ್ಕೆ ಗೂಗಲ್ ಸರ್ವರಿನಲ್ಲೇ ಕೋಡ್ ಓಡಿಸುವ ಕೊಲ್ಯಾಬ್ ಉಚಿತವಾಗಿ ಇದೆ. ಬ್ಯಾಟರಿ ಮಾತ್ರ ನಮ್ಮ ಕಡೆ ಮುಖ್ಯ. ಜೂನ್‌ನಿಂದ ಸೆಪ್ಟೆಂಬರ್‌ವರೆಗೆ ಸಕಲೇಶಪುರ, ಆಲೂರು ಭಾಗದ ಮನೆಗಳಲ್ಲಿ ಮರ ಬಿದ್ದು ಕರೆಂಟು ಹೋಯಿತೆಂದರೆ ಯಾವಾಗ ಬರುತ್ತದೆಂದು ಹೇಳಲಾಗದು. ಗುಡುಗುವಾಗ ಚಾರ್ಜರನ್ನು ಗೋಡೆಯಿಂದ ಕೀಳಿ. ಮಳೆಗಾಲದಲ್ಲಿ ಯಂತ್ರವನ್ನು ವಾರಗಟ್ಟಲೆ ಚೀಲದೊಳಗೆ ಮುಚ್ಚಿಡಬೇಡಿ, ಬೂಸ್ಟು ಪುಸ್ತಕಕ್ಕೆ ಮಾತ್ರ ಬರುವುದಲ್ಲ.

ಹಂತ 5: ದುಡ್ಡು ಕೊಡುವ ಮುನ್ನ ಅಂಗಡಿಯಲ್ಲಿ

ಇಲ್ಲಿ ಸಂಕೋಚ ಬೇಡ. ಪ್ರದರ್ಶನಕ್ಕಿಟ್ಟ ಯಂತ್ರ ಆನ್ ಆಗಿದ್ದರೆ ಹತ್ತು ನಿಮಿಷ ಕೇಳಿ ತೆಗೆದುಕೊಳ್ಳಿ. ಪೆಟ್ಟಿಗೆ ಬಿಚ್ಚಿದ ಮೇಲೆ ನೋಡುವುದಾದರೆ, ಹೊಸ ವಿಂಡೋಸ್ 11 ಹೋಮ್ ಮೊದಲ ಸಲ ಸಜ್ಜಾಗಲು ಇಂಟರ್ನೆಟ್ ಕೇಳುತ್ತದೆ. ನಿಮ್ಮ ಫೋನಿನ ಹಾಟ್‌ಸ್ಪಾಟ್ ಆನ್ ಇರಲಿ.

ಕಂಟ್ರೋಲ್, ಶಿಫ್ಟ್, ಎಸ್ಕೇಪ್ ಮೂರನ್ನೂ ಒಟ್ಟಿಗೆ ಒತ್ತಿ. ಟಾಸ್ಕ್ ಮ್ಯಾನೇಜರ್ ತೆರೆಯುತ್ತದೆ. ಪರ್ಫಾರ್ಮೆನ್ಸ್ ವಿಭಾಗಕ್ಕೆ ಹೋಗಿ ಮೆಮೊರಿಯ ಮೇಲೆ ಒತ್ತಿ. ಬಲಗಡೆ ಮೇಲಿನ ತುದಿಯಲ್ಲಿ ಒಟ್ಟು ರ‍್ಯಾಮ್, ನಡುವೆ ಏರಿಳಿಯುವ ಗೆರೆ, ಕೆಳಗೆ ಸಣ್ಣ ಅಕ್ಷರಗಳ ಎರಡು ಕಂಬಸಾಲು. ಆ ಸಣ್ಣ ಅಕ್ಷರಗಳಲ್ಲೇ ನಮ್ಮ ಉತ್ತರವಿರುವುದು.

‘ಸ್ಲಾಟ್ಸ್ ಯೂಸ್ಡ್’ ಎದುರು ‘1 ಆಫ್ 2’ ಎಂದಿದ್ದರೆ ಒಂದು ಸ್ಲಾಟ್ ಖಾಲಿ ಇರಬೇಕು. ‘2 ಆಫ್ 2’ ಎಂದಿದ್ದು ಒಟ್ಟು 8 ಜಿಬಿ ಆಗಿದ್ದರೆ 4 ಮತ್ತು 4 ಹಾಕಿದ್ದಾರೆ. ಹೆಚ್ಚಿಸಲು ಒಂದನ್ನು ಕಿತ್ತು ಎಸೆಯಬೇಕಾಗುತ್ತದೆ. ಅದರ ಮೇಲಿನ ಅಥವಾ ಕೆಳಗಿನ ಸಾಲು ‘ಫಾರ್ಮ್ ಫ್ಯಾಕ್ಟರ್’. ಅಲ್ಲಿ ‘ಎಸ್‌ಒಡಿಐಎಮ್‌ಎಮ್’ ಎಂದಿದ್ದರೆ ಕಿತ್ತು ಹಾಕಬಹುದಾದ ಸ್ಟಿಕ್. ‘ರೋ ಆಫ್ ಚಿಪ್ಸ್’ ಎಂದಿದ್ದರೆ ಬೆಸೆದದ್ದು.

ಇಲ್ಲೊಂದು ಬಲೆ ಇದೆ. ಬೆಸೆದ ಎಲ್‌ಪಿಡಿಡಿಆರ್5 ಇರುವ ಯಂತ್ರಗಳಲ್ಲಿ ಸ್ಲಾಟುಗಳ ಎದುರು ‘4 ಆಫ್ 4’ ಅಥವಾ ‘8 ಆಫ್ 8’ ಎಂದು ಬರುವುದುಂಟು. ‘ನೋಡಿ ಸಾರ್, ನಾಲ್ಕು ಸ್ಲಾಟ್ ಇದೆ’ ಎಂದು ಮಾರುವವರು ಬಹುಶಃ ಪ್ರಾಮಾಣಿಕವಾಗಿಯೇ ಹೇಳಿಯಾರು. ಲ್ಯಾಪ್‌ಟಾಪಿನ ಒಳಗೆ ಎಂಟು ಸ್ಲಾಟಿಗೆ ಜಾಗವೇ ಇರುವುದಿಲ್ಲ; ಅವು ಚಿಪ್ಪಿನ ದಾರಿಗಳ ಲೆಕ್ಕ. ಫಾರ್ಮ್ ಫ್ಯಾಕ್ಟರ್ ಸಾಲನ್ನು ಬೆರಳಿಟ್ಟು ತೋರಿಸಿ. ಆದರೆ ಖಾಲಿ ಸ್ಲಾಟನ್ನೂ ಟಾಸ್ಕ್ ಮ್ಯಾನೇಜರ್ ಒಂದನ್ನೇ ನಂಬಿ ಒಪ್ಪಬೇಡಿ. ಹಂತ 3ರಲ್ಲಿ ಹೇಳಿದ ಕೈಪಿಡಿಯ ಜೊತೆ ತಾಳೆ ನೋಡಿ.

ಅದೇ ಪುಟದಲ್ಲಿ ‘ಹಾರ್ಡ್‌ವೇರ್ ರಿಸರ್ವ್ಡ್’ ಎಂಬುದು ಗ್ರಾಫಿಕ್ಸಿಗೆ ಮತ್ತಿತರ ಕೆಲಸಕ್ಕೆ ಎಷ್ಟು ಮೀಸಲಾಗಿದೆ ಎಂದು ಹೇಳುತ್ತದೆ. ‘ಇನ್ ಯೂಸ್’ ನೋಡಿಕೊಂಡು ಬ್ರೌಸರ್ ತೆರೆಯಿರಿ, ಆರೇಳು ಪುಟ ತೆರೆಯಿರಿ, ಒಂದರಲ್ಲಿ ಯೂಟ್ಯೂಬ್ ವಿಡಿಯೊ ಓಡಲಿ. ಸಂಖ್ಯೆ ಎಲ್ಲಿಗೆ ಏರಿತು, ‘ಅವೈಲಬಲ್’ ಎಷ್ಟು ಉಳಿಯಿತು ನೋಡಿ. ಯಾವ ಕೋಡ್ ಎಡಿಟರನ್ನೂ ತೆರೆಯದೆ 2 ಜಿಬಿಗಿಂತ ಕಡಿಮೆ ಉಳಿದರೆ ಆ ಯಂತ್ರದ ಭವಿಷ್ಯ ನಿಮ್ಮ ಕಣ್ಣ ಮುಂದೆಯೇ ಇದೆ.

ಬಿಲ್ಲಿನಲ್ಲಿ ಪೂರ್ತಿ ಮಾದರಿ ಸಂಖ್ಯೆ, ಸೀರಿಯಲ್ ಸಂಖ್ಯೆ, ರ‍್ಯಾಮ್ ಎಷ್ಟು ಎಂಬುದು ಬರೆದಿರಲಿ. ಅಂಗಡಿಯವರೇ ಹೆಚ್ಚುವರಿ ಸ್ಟಿಕ್ ಹಾಕಿ ಕೊಡುವುದಾದರೆ ಅದನ್ನು ಪ್ರತ್ಯೇಕ ಸಾಲಾಗಿ ಬರೆಸಿ, ವಾರಂಟಿಗೆ ಧಕ್ಕೆಯಿಲ್ಲವೇ ಎಂದು ಕಂಪನಿಯ ಸೇವಾ ಕೇಂದ್ರಕ್ಕೆ ಮೊದಲೇ ಕರೆ ಮಾಡಿ ಕೇಳಿ. ಆನ್‌ಲೈನಿನಲ್ಲಿ ತರಿಸುವವರು ಪೆಟ್ಟಿಗೆ ಬಿಚ್ಚುವುದರಿಂದ ಹಿಡಿದು ಟಾಸ್ಕ್ ಮ್ಯಾನೇಜರ್ ಪುಟ ತೆರೆಯುವವರೆಗೂ ಕತ್ತರಿಸದ ವಿಡಿಯೊ ಮಾಡಿಟ್ಟುಕೊಳ್ಳಿ.

ಹಂತ 6: ಹಣ ಸಾಲದಿದ್ದರೆ ಬಳಸಿದ ಲ್ಯಾಪ್‌ಟಾಪ್

ಅರ್ಧ ಬೆಲೆಯ ಹೊಸ ಸೆಲೆರಾನ್‌ಗಿಂತ ಒಳ್ಳೆಯ ಹಳೆಯ ಆಫೀಸು ಯಂತ್ರ ಮೇಲು ಎಂಬುದು ನನ್ನ ಖಚಿತ ಅಭಿಪ್ರಾಯ. ಬೆಂಗಳೂರಿನ ಕಂಪನಿಗಳು ಕೆಲವು ವರ್ಷ ಬಳಸಿ ಬಿಟ್ಟವು ಎಸ್.ಪಿ. ರಸ್ತೆಯ ಅಂಗಡಿಗಳಿಗೆ ಬಂದು, ಅಲ್ಲಿಂದ ಹಾಸನ, ಅರಸೀಕೆರೆ, ಚನ್ನರಾಯಪಟ್ಟಣದವರೆಗೂ ತಲುಪುತ್ತವೆ. ಥಿಂಕ್‌ಪ್ಯಾಡ್ ಟಿ480, ಎಚ್‌ಪಿ ಎಲೀಟ್‌ಬುಕ್ 840 ಜಿ5 ಇಂಥವು. ಎರಡರಲ್ಲೂ ಎರಡು ಡಿಡಿಆರ್4 ಸ್ಲಾಟುಗಳಿವೆ. ಥಿಂಕ್‌ಪ್ಯಾಡ್ ಎಂಬ ಹೆಸರೊಂದೇ ಸಾಲದು. ಟಿ480ರ ನಂತರ ಬಂದ ಟಿ490ರಲ್ಲಿ ಒಂದು ಪಾಲು ಬೆಸೆದು, ಒಂದೇ ಸ್ಲಾಟ್ ಉಳಿಸಿದ್ದಾರೆ.

ಇಂಟೆಲ್‌ನ 8ನೆಯ ತಲೆಮಾರಿಗಿಂತ ಹಳೆಯದನ್ನು ವಿಂಡೋಸಿಗಾಗಿ ಕೊಳ್ಳಬೇಡಿ. ವಿಂಡೋಸ್ 11ರ ಅಧಿಕೃತ ಬೆಂಬಲ ಅಲ್ಲಿಂದ ಶುರು, ಮತ್ತು ವಿಂಡೋಸ್ 10ಕ್ಕೆ ಮೈಕ್ರೋಸಾಫ್ಟ್ ಬೆಂಬಲ 2025ರ ಅಕ್ಟೋಬರ್ 14ಕ್ಕೆ ಮುಗಿದಿದೆ. ಪ್ರೊಸೆಸರ್ ಹೆಸರಿನ ಅಡ್ಡಗೆರೆಯ ನಂತರದ ಮೊದಲ ಅಂಕಿ 8 ಅಥವಾ ಅದಕ್ಕಿಂತ ಹೆಚ್ಚಿರಲಿ. 10, 11, 12 ಎಂದು ಶುರುವಾದರೆ ಇನ್ನೂ ಹೊಸದು.

ಹಳೆಯ ಆಫೀಸು ಯಂತ್ರದ ದೊಡ್ಡ ಅಪಾಯ ಬೇರೆಯೇ. ಹಿಂದಿನ ಕಂಪನಿ ಕೆಲವೊಮ್ಮೆ ಅದನ್ನು ತನ್ನ ಲೆಕ್ಕದಿಂದ ಬಿಡುಗಡೆ ಮಾಡಿರುವುದಿಲ್ಲ. ಮಾರುವವರ ಎದುರಿನಲ್ಲೇ ವಿಂಡೋಸನ್ನು ರೀಸೆಟ್ ಮಾಡಿಸಿ, ಇಂಟರ್ನೆಟ್ಟಿಗೆ ಸೇರಿಸಿ. ಯಾವುದೋ ಕಂಪನಿಯ ಹೆಸರಿರುವ ಲಾಗಿನ್ ಪುಟ ಬಂದರೆ ಎದ್ದು ಬನ್ನಿ. ಆನ್ ಮಾಡುವಾಗ ಬಯೋಸ್‌ಗೆ (ವಿಂಡೋಸಿಗಿಂತ ಮೊದಲು ತೆರೆಯುವ ಸೆಟ್ಟಿಂಗ್ ಪುಟ) ಹೋಗಿ, ಪಾಸ್‌ವರ್ಡ್ ಕೇಳಿದರೂ ಅಷ್ಟೇ. ಬ್ಯಾಟರಿಯ ಬಗ್ಗೆ ಬಾಯಿಮಾತು ನಂಬಬೇಡಿ. ವಿಂಡೋಸಿನ ಬ್ಯಾಟರಿ ರಿಪೋರ್ಟ್ ತೆಗೆದರೆ ಮೂಲ ಸಾಮರ್ಥ್ಯವೂ ಈಗ ಪೂರ್ತಿ ತುಂಬಿದಾಗ ಹಿಡಿಯುವುದೂ ಎರಡು ಸಾಲುಗಳಲ್ಲಿ ಕಾಣುತ್ತವೆ. ಕೊನೆಗೆ ಸ್ಟಾರ್ಟ್‌ನಲ್ಲಿ ವಿಂಡೋಸ್ ಮೆಮೊರಿ ಡಯಾಗ್ನಾಸ್ಟಿಕ್ ಹುಡುಕಿ ಓಡಿಸಿ. ದೋಷವಿರುವ ರ‍್ಯಾಮ್ ಕೆಲವೊಮ್ಮೆ ಮಾತ್ರ ಕೈಕೊಡುವುದರಿಂದ, ಕಲಿಯುವವನು ತನ್ನ ಕೋಡಿನಲ್ಲೇ ತಪ್ಪು ಹುಡುಕುತ್ತಾ ಕೂರುತ್ತಾನೆ.

ಹಂತ 7: ಆಮೇಲೆ ರ‍್ಯಾಮ್ ಸೇರಿಸುವಾಗ

ಡಿಡಿಆರ್4 ಸ್ಲಾಟಿಗೆ ಡಿಡಿಆರ್5 ಹಿಡಿಸುವುದಿಲ್ಲ, ನಡುವಿನ ಕಚ್ಚಿನ ಜಾಗವೇ ಬೇರೆ. ಡೆಸ್ಕ್‌ಟಾಪಿನ ಉದ್ದನೆಯ ಸ್ಟಿಕ್ ಕೂಡ ಬೇಡ. ವೇಗ ಬೇರೆ ಬೇರೆಯಾದರೆ ಎರಡೂ ಕಡಿಮೆ ವೇಗದ್ದಕ್ಕೆ ಹೊಂದಿಕೊಂಡು ಓಡುತ್ತವೆ, ಹೆದರಬೇಕಾಗಿಲ್ಲ. ಒಂದು 8 ಇದ್ದರೆ ಇನ್ನೊಂದು 8 ಹಾಕಿ. ರ‍್ಯಾಮಿನಿಂದ ಪ್ರೊಸೆಸರಿಗೆ ಹೋಗುವ ಎರಡು ದಾರಿಗಳೂ (ಚಾನೆಲ್) ಸಮನಾದಾಗ ಒಳಗಿನ ಗ್ರಾಫಿಕ್ಸ್ ಚುರುಕಾಗುತ್ತದೆ.

ಯಂತ್ರವನ್ನು ಪೂರ್ತಿ ಶಟ್‌ಡೌನ್ ಮಾಡಿ, ಚಾರ್ಜರ್ ಕೀಳಿ. ಹಿಂಬದಿ ತೆಗೆದ ಕೂಡಲೇ ಬ್ಯಾಟರಿಯ ಕನೆಕ್ಟರನ್ನು ಬಿಡಿಸಿ. ಲೋಹದ ವಸ್ತುವೊಂದನ್ನು ಮುಟ್ಟಿ ಮೈಯ ಸ್ಥಿರ ವಿದ್ಯುತ್ತನ್ನು ಕಳೆದುಕೊಳ್ಳಿ. ಸ್ಟಿಕ್ಕನ್ನು ಓರೆಯಾಗಿ, ಸುಮಾರು 30 ಡಿಗ್ರಿಯಲ್ಲಿ, ಹೊಂಬಣ್ಣದ ಅಂಚು ಒಳಗೆ ಮರೆಯಾಗುವವರೆಗೂ ತಳ್ಳಿ, ಆಮೇಲೆ ಕೆಳಕ್ಕೆ ಒತ್ತಿದರೆ ಎರಡು ಬದಿಯ ಕೊಕ್ಕೆಗಳು ಟಕ್ ಎಂದು ಹಿಡಿಯುತ್ತವೆ. ಡಿಡಿಆರ್5 ಯಂತ್ರ ಮೊದಲ ಸಲ ಆನ್ ಆಗುವಾಗ ಪರದೆ ನಿಮಿಷದ ಮೇಲೂ ಕಪ್ಪಾಗಿಯೇ ಇರಬಹುದು. ಅದು ಹೊಸ ರ‍್ಯಾಮನ್ನು ಹೊಂದಿಸಿಕೊಳ್ಳುತ್ತಿರುತ್ತದೆ. ಗಾಬರಿಯಲ್ಲಿ ಬಟನ್ ಒತ್ತಿ ಆರಿಸಬೇಡಿ.

ಇರುವ 4 ಅಥವಾ 8 ಜಿಬಿಯಲ್ಲೇ ಸಾಗಿಸಬೇಕಾದವರಿಗೆ

ಹೊಸದು ಕೊಳ್ಳಲಾಗದೆಂದು ಕಲಿಕೆ ನಿಲ್ಲಿಸಬೇಕಾಗಿಲ್ಲ. ಟಾಸ್ಕ್ ಮ್ಯಾನೇಜರಿನ ಸ್ಟಾರ್ಟಪ್ ವಿಭಾಗದಲ್ಲಿ ತಾವೇ ತೆರೆದುಕೊಳ್ಳುವ ಪ್ರೋಗ್ರಾಮುಗಳನ್ನು ನಿಲ್ಲಿಸಿ. ಬ್ರೌಸರಿನ ಮೆಮೊರಿ ಸೇವರ್ ಆನ್ ಮಾಡಿ. 4 ಜಿಬಿ ಯಂತ್ರವಾದರೆ ಲಿನಕ್ಸ್ ಮಿಂಟ್‌ನ ಎಕ್ಸ್‌ಎಫ್‌ಸಿಇ ಆವೃತ್ತಿ ಹಾಕಿಕೊಳ್ಳಿ. ಅದಕ್ಕೆ ಕನಿಷ್ಠ 2 ಜಿಬಿ, ಹಾಯಾಗಿ ನಡೆಯಲು 4 ಸಾಕು ಎನ್ನುತ್ತಾರೆ ಅದನ್ನು ರೂಪಿಸುವವರು. ಸಿ, ಪೈಥಾನ್, ಚಿಕ್ಕ ಜಾವಾ ಪ್ರೋಗ್ರಾಮುಗಳು ಅದರಲ್ಲಿ ಸಲೀಸಾಗಿ ಓಡುತ್ತವೆ.

ಭಾರವಾದ ಕೆಲಸವನ್ನು ಬೇರೆಯವರ ಯಂತ್ರಕ್ಕೆ ಹೊರಿಸಬಹುದು. ಗಿಟ್‌ಹಬ್ ಕೋಡ್‌ಸ್ಪೇಸಸ್ ವೈಯಕ್ತಿಕ ಖಾತೆಗಳಿಗೆ ತಿಂಗಳಿಗೆ 120 ಕೋರ್-ಗಂಟೆ ಉಚಿತವಾಗಿ ಕೊಡುತ್ತದೆ, ಎರಡು ಕೋರಿನ ಯಂತ್ರಕ್ಕೆ ಅದು 60 ಗಂಟೆ. ಕೋಡ್ ಓಡುವುದು ಅವರ ಸರ್ವರಿನಲ್ಲಿ, ನಿಮ್ಮಲ್ಲಿ ಬ್ರೌಸರಿನ ಒಂದು ಟ್ಯಾಬು ಮಾತ್ರ. ಮಳೆಗೆ ನೆಟ್‌ವರ್ಕ್ ಹೋಗುವ ಕಡೆಯಿದ್ದರೆ ಆಗಾಗ ಕಮಿಟ್ ಮಾಡಿ, ಪುಶ್ ಮಾಡಿಟ್ಟುಕೊಳ್ಳಿ (ಬರೆದದ್ದನ್ನು ದಾಖಲಿಸಿ ಗಿಟ್‌ಹಬ್ ಖಾತೆಗೆ ಕಳುಹಿಸುವುದು). ಟ್ಯಾಬ್ ಮುಚ್ಚಿದ ಮಾತ್ರಕ್ಕೆ ಕೋಡ್‌ಸ್ಪೇಸ್ ನಿಲ್ಲುವುದಿಲ್ಲ. ಸಾಮಾನ್ಯವಾಗಿ 30 ನಿಮಿಷ ಸುಮ್ಮನಿದ್ದ ಮೇಲೆ ತಾನೇ ನಿಲ್ಲುತ್ತದೆ, ಅಲ್ಲಿಯವರೆಗೂ ಗಂಟೆಗಳು ಖರ್ಚಾಗುತ್ತಲೇ ಇರುತ್ತವೆ. ಕೆಲಸ ಮುಗಿದ ಕೂಡಲೇ ಸ್ಟಾಪ್ ಒತ್ತಿ.